ಹುಲಿಗವ್ವನ ಸಿಟ್ಟು

ಗೌತಮಗ ಬೇಕಾಗಿದ್ದು ಒಂದ ಒಂದು: ಅವರವ್ವನ ಸಿಟ್ಟು.

ಹೌದ್ರಿ, ಸಿಟ್ಟು. ಮಂದಿ ಮಕ್ಕಳು ತಾಯಿ ಕೈಯಾಗಿನ ರೊಟ್ಟಿ ಬೇಡ್ತಾರ, ಆಶೀರ್ವಾದ ಬೇಡ್ತಾರ, ನಾಚಿಗಿಗೆಟ್ಟವರು ಕೊರಳಾಗಿನ ಸರ ಬೇಡ್ತಾರ. ಈ ಭೂಪ ಮಾತ್ರ ತಾಯಿ ಯಾವತ್ತು ಹಲ್ಲು ಕಡದು ತನಗ ಬೈದಾಳು ಅಂತ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯ್ತಿದ್ದ. ಬೈಯುವಾಗಿನ ಆಕಿ ಮಾರಿ ಬೇಕಾಗಿತ್ತು ಅಂವಗ, ಚಿತ್ರ ಬರಿಯಾಕ. ಕೊಪ್ಪಳದಾಗ ಪ್ರದರ್ಶನ ಹತ್ರ ಬಂದಿತ್ತು. ಓಣಿ ಮಂದಿ ಮಾರಿ ಎಲ್ಲಾ ಬರದು ಮುಗಿಸಿದ್ದ. ನಟ್ಟನಡುವಿನ ಜಾಗ ಒಂದು ಖಾಲಿ ಬಿಟ್ಟಿದ್ದ, ಹುಲಿಗವ್ವನ ಮಾರಿಗೆ.

ಇಂವ ಚಿತ್ರ ಬರಿಯೂ ಬಗಿ ಮೊದಲ ಹೇಳಿಬಿಡ್ತೀನಿ. ಕೇಳಿದ್ರ ನಿಮಗೂ ಮೈ ಉರಿತೈತಿ. ಉರೀಲಿ.

ಮುನಿರಾಬಾದಿನ ಡ್ಯಾಮ್ ಕಾಲನಿ ದಾಟಿ ಹಿಂದಿನ ಓಣ್ಯಾಗ ಇವರ ಮನಿ. ಅಪ್ಪ ಓಬಳೆಪ್ಪ ಕಾಲುವಿ ಮ್ಯಾಲೆ ಸರಕಾರಿ ಕೆಲಸ ಮಾಡಿ, ಎರಡು ಖೋಲಿ ಕಟ್ಟಿಸಿ, ತೀರಿಕೊಂಡಿದ್ದ. ಮಗ ಕಲಬುರ್ಗಿಗೆ ಹೋಗಿ ಚಿತ್ರಕಲೆ ಕಲ್ತು ಬಂದ. ಬಂದವ ಊರೂರು ತಿರುಗಿ ಗ್ವಾಡಿ ಮ್ಯಾಲೆ ಸಿಮೆಂಟು, ಗೊಬ್ಬರದ ಜಾಹೀರಾತು ಬರದ. ಅಷ್ಟ್ರಾಗ ಫ್ಲೆಕ್ಸ್ ಬಂತು, ಕುಂಚದವರ ಕೂಳಿಗೆ ಕಲ್ಲು ಬಿತ್ತು. ಆ ಸಿಟ್ಟಿಗೆ ಇಂವ ಏನು ಮಾಡಿದ ಅಂತೀರಿ? ಕೆಲಸ ಮುಗದು ಬಿಚ್ಚಿ ಒಗದ ಹಳೇ ಫ್ಲೆಕ್ಸ್ ಆರಿಸಿಕೊಂಡು ಬರಾಕತ್ತಿದ. ಮುಂದಿನ ಮಗ್ಗಲಕ್ಕ ಪುಢಾರಿಗೋಳು ಕೈ ಮುಗದು ನಗತಿರತಾರಲ್ಲ, ಹುಟ್ಟುಹಬ್ಬದ ಶುಭಾಶಯ, ದೀಪಾವಳಿ ಶುಭಾಶಯ, ಅದನ್ನ ಹಂಗ ಬಿಡೂದು. ಹಿಂದಿನ ಮಗ್ಗಲಕ್ಕ ಬಿಳಿ ಬಣ್ಣ ಬಳದು, ಅದರ ಮ್ಯಾಲೆ ಆಳೆತ್ತರದ ಸಿಟ್ಟಿನ ಮಾರಿ ಬರಿಯೂದು. ನಡುವ ತೂಗು ಹಾಕಿದ್ರ ಈ ಕಡಿ ನಗಿ, ಆ ಕಡಿ ಸಿಟ್ಟು.

"ಈಗಿನ ಮಂದಿ ಮೊಬೈಲ್ ಎತ್ತಿದ್ರ ಸಾಕು ಹಲ್ಲು ಕಿಸಿತಾರ," ಅಂತಿದ್ದ. "ಮದುವ್ಯಾಗೂ ಹಲ್ಲು, ಮಣ್ಣಿಗೆ ಹೋಗಿ ಬಂದ್ರೂ ಹಲ್ಲು. ಖರೇ ಮಾರಿ ಸಿಟ್ಟಿನ್ಯಾಗಷ್ಟ ಸಿಗತೈತಿ."

ಮಾತೇನು ಸುಳ್ಳಲ್ಲ ಬಿಡ್ರಿ. ಚಿತ್ರಾನೂ ಸುಳ್ಳಲ್ಲ. ಅಂವನ ಕೈ ಭಾಳ ಛಲೋ ಕೈ, ಅದನ್ನ ಒಪ್ಪಬೇಕು. ಆದ್ರ ಮಂದಿ ತಾವಾಗಿ ಸಿಟ್ಟಿಗೇಳೂತನಕ ಕಾಯೂ ತಾಳ್ಮಿ ಅಂವಗಿದ್ದಿಲ್ಲ. ತಾನ ಎಬ್ಬಸ್ತಿದ್ದ. ಅಂಗಿ ಕಿಸೇದಾಗ ಮೊಬೈಲ್, ಕ್ಯಾಮೆರಾದ ಕಣ್ಣು ಮ್ಯಾಲೆ ಇಣುಕೂ ಹಂಗ ಇಟ್ಟು, ವಿಡಿಯೋ ಚಾಲೂ ಮಾಡಿ, ಸೀದಾ ಹೋಗಿ ಎದುರಿನವರ ಹುಣ್ಣಿಗೆ ಬೆರಳು ಹಾಕೂದು. ಅವರು ಕುದಿಯೂದು, ಇಂವ ಮನಿಗೆ ಬಂದು ವಿಡಿಯೋ ನೋಡ್ಕೊಂತ ಬರಿಯೂದು. ಎಲಾ ಇವನ! ಇದಕ್ಕ ಕಲೆ ಅಂತ ಹೆಸರು.

ಮೊದಲು ಹೆಂಡ್ತಿ ಸುಕನ್ಯಾ. ಆಕಿಗೆ ಬಸರು ನಿಂತಿದ್ದಿಲ್ಲ, ಎರಡು ಸಲ ಹೋಗಿತ್ತು. ಅದನ್ನ ಎತ್ತಿ ಆಡಿದ. ಉಣ್ಣಾಕ ಕುಂತಾಗ, ನಕ್ಕೋತ, "ನಿನ್ನ ಹೊಟ್ಟಿ ಬಾಡಿಗಿ ಮನಿ ಇದ್ದಂಗ, ಯಾರೂ ನಿಂದ್ರಂಗಿಲ್ಲ" ಅಂದ. ಆಕಿ ಕೈಯಾಗಿನ ಚಂಬು ಬೀಸಿ ಒಗದ್ಳು. ಆ ಬೀಸಿದ ಮಾರಿ ಅಂವಗ ಸಿಕ್ತು. ಮರುದಿನ ಮುಂಜಾನಿ ಆಕಿ ಬ್ಯಾಗ್ ತಗೊಂಡು ಮರಳಿ ಅನ್ನೂ ಊರಿಗೆ, ತವರಮನಿಗೆ ಹೋದ್ಳು. ಹುಲಿಗವ್ವ ಬಸ್ಸಿನತನಕ ಹಿಂದ ಓಡಿ ಹೋದ್ಳು. ಇಂವ ಬಣ್ಣ ಕಲಸ್ಕೊಂತ ಕುಂತಿದ್ದ.

ಆಮ್ಯಾಲೆ ಬಾಜೂಮನಿ ಹನುಮಂತಮ್ಮ. ಆಕಿ ಮಗಳು ಗಂಡನ ಮನಿಯಿಂದ ತಿರುಗಿ ಬಂದು ಕುಂತಿದ್ಲು, ಅದು ಆಕಿ ಹುಣ್ಣು. ನಳದ ಮುಂದ ಪಾಳಿ ಹಚ್ಚಿದ ಕೊಡ ಕಾಲಿಲೆ ಸರಿಸಿ, "ಅತ್ತೀ, ವಾಪಸ್ ಬಂದ ಮಾಲಿಗೂ ನೀರು ಬೇಕೇನು?" ಅಂದ. ಹನುಮಂತಮ್ಮ ಒಂದು ಹಿಡಿ ಮಣ್ಣು ತಗೊಂಡು ಅಂವನ ಮ್ಯಾಲೆ ತೂರಿದ್ಳು. "ನಿನ್ನ ಬಾಯಾಗ ಮಣ್ಣು ಬೀಳ್ಲಿ! ನಿನ್ನ ಕೈ ಮುರದು ಬೀಳ್ಲಿ!" ಅಂತ ಲಟಿಗಿ ಮುರದ್ಳು. ಓಣಿ ಎಲ್ಲಾ ಹೊರಗ ಬಂತು. ಗೌತಮ ಎದಿ ಮುಂದ ಮಾಡಿ ನಿಂತ, ಕಿಸೇದಾಗಿನ ಕಣ್ಣಿಗೆ ಛಲೋ ಕಾಣ್ಲಿ ಅಂತ.

ಎದುರಮನಿ ಕುಬೇರಪ್ಪನ ಅಂಗಳದಾಗ ಕರಿಬೇವಿನ ಗಿಡ ಇತ್ತು. ತೀರಿಹೋದ ಹೆಂಡ್ತಿ ಹಚ್ಚಿದ್ದು. ಮುದುಕ ದಿನಾ ಅದರ ಜೋಡಿ ಮಾತಾಡ್ತಿದ್ದ. ಇಂವ ಹೋಗಿ ಅದನ್ನ ಕಡದ. ಮೆಹಬೂಬಸಾಬನ ಚಹಾದಂಗಡ್ಯಾಗ ಗಿರಾಕಿ ತುಂಬಿದಾಗ, "ಚಾಚಾ, ಗ್ಲಾಸ್ ತೊಳದ ನೀರಿಗೆ ಸಕ್ಕರಿ ಹಾಕಿ ಕೊಡ್ತೀಯಲ್ಲ, ಪುಣ್ಯಾ ಬರತೈತೇನು?" ಅಂತ ಒದರಿ ಹೇಳಿದ. ಇಬ್ಬರ ಮಾರಿನೂ ಸಿಕ್ಕುವು.

ಒಂದು ವಿಚಿತ್ರ ಏನಂದ್ರ, ಈ ಓಣಿ ಮಂದಿ ಸಿಟ್ಟು ಒಂದೂ ಮರುದಿನಕ್ಕ ಉಳೀತಿದ್ದಿಲ್ಲ. ಮಣ್ಣು ತೂರಿದ ಹನುಮಂತಮ್ಮ ಮುಂಜಾನಿ ಎದ್ದು, "ಉಂಡೇನಪ್ಪಾ ಗೌತಮಾ? ನಿದ್ದಿ ಛಲೋ ಹತ್ತಿತ್ತೇನು?" ಅಂತ ಕೇಳ್ತಿದ್ಲು. ಮೆಹಬೂಬಸಾಬ ಕರದು ಚಹಾ ಕುಡಿಸಿ ರೊಕ್ಕ ಮುಟ್ಟಲಿಲ್ಲ. ಕುಬೇರಪ್ಪ ಅಂತೂ ಭುಜದ ಮ್ಯಾಲೆ ಕೈ ಇಟ್ಟು, "ಬಿಸಲಾಗ ತಿರಗಬ್ಯಾಡಪಾ" ಅಂದ. ಕಡದ ಗಿಡದ ಮೋಟು ಅಲ್ಲೇ ಎದುರಿಗೆ ಇತ್ತು.

ಬುದ್ಧಿ ಇದ್ದವ ಆಗಿದ್ರ ಇದು ಯಾಕ ಹಿಂಗ ಅಂತ ಒಂದು ಮಾತು ಕೇಳ್ತಿದ್ದ. ಇಂವ ಬುದ್ಧಿಜೀವಿ. ಗಂಗಾವತಿಯ ಪ್ರಭುರಾಜ ಅಂತ ಒಬ್ಬ ಸಾವಕಾರ, ಅಕ್ಕಿ ಗಿರಣಿ ಐತಿ, ಚಿತ್ರದ ಹುಚ್ಚು ಐತಿ, ಪ್ರದರ್ಶನ ಇಡಸಾಂವ ಅಂವನ. ಅಂವನ ಮುಂದ ಹೇಳಿದ: "ಈಗಿನ ಸಮಾಜದಾಗ ಸಿಟ್ಟೂ ಗಟ್ಟಿ ಉಳದಿಲ್ರಿ. ಚಹಾದ ಮ್ಯಾಲಿನ ಕೆನಿ ಇದ್ದಂಗ, ಊದಿದ್ರ ಹೋತು." ಪ್ರಭುರಾಜ ಆಹಾ ಅಂದ. ಇಬ್ಬರೂ ಆ ಮಾತಿಗೆ ಭಾಳ ಖುಷಿಯಾದ್ರು.

ಉಳದಾಕಿ ಹುಲಿಗವ್ವ ಒಬ್ಬಾಕಿ.

ಮಗ ರೊಟ್ಟಿ ತಾಟು ದಬ್ಬಿ, "ಇದು ರೊಟ್ಟಿ ಏನು, ಚಪ್ಪಲಿ ಅಟ್ಟಿ ಏನು?" ಅಂದ್ರ, "ಆತಪ್ಪಾ, ಮೆತ್ತಗ ಬಡದು ಕೊಡ್ತೀನಿ" ಅಂತಿದ್ಲು. ಆಕಿ ಸೀರಿ ಟ್ರಂಕಿನ ಮ್ಯಾಲೆ ಬಣ್ಣ ಚೆಲ್ಲಿದ. ಒರಸಿದ್ಳು. ನಾಕು ಮಂದಿ ಮುಂದ ಏನರ ಅಂದ. ನಕ್ಕ್ಳು. ಹುಲಿಗಿ ಗುಡಿಗೆ ಹೋಗಿ ದೇವಿ ಭಂಡಾರ ತಂದು ಮಲಗಿದ ಮಗನ ಹಣಿಗೆ ಹಚ್ಚತಿದ್ಲು. ಅಂವಗ ಅದನ್ನ ಕಂಡ್ರ ಮೈಯೆಲ್ಲಾ ಉರಿ. ಇದು ಎಂಥಾ ಹೆಂಗಸು! ರಕ್ತ ಐತೋ ಮಜ್ಜಿಗಿ ಐತೋ ಮೈಯಾಗ!

ಕಡೀಕ ಅಂವ ಆಡಬಾರದ್ದು ಆಡಿದ.

ಓಬಳೆಪ್ಪ ತೀರಿಕೊಂಡ ದಿನ ಎದಿ ಹಿಡೀತೈತಿ ಅಂದಿದ್ದ. ಹುಲಿಗವ್ವ ವಾಯು ಆಗಿರಬೇಕಂತ ಅಜವಾನ ಕುದಿಸಿ ಕುಡಿಸಿದ್ಳು. ಆಟೋ ತರಿಸಿ ಹೊಳಿ ದಾಟಿ ಹೊಸಪೇಟಿ ಮುಟ್ಟೂದ್ರಾಗ ಜೀವ ಹೋಗಿತ್ತು. ಆ ಮಾತು ಆ ಮನ್ಯಾಗ ಯಾರೂ ಆಡ್ತಿದ್ದಿಲ್ಲ. ಆಕಿ ಒಲಿ ಮುಂದ ಕುಂತಾಗ ಗೌತಮ ಎದುರಿಗೆ ಬಂದು ಕುಂತ, ಕಿಸೆ ಸರಿಮಾಡಿಕೊಂಡ, ಅಂದ: "ಅಪ್ಪ ತಾನಾಗಿ ಸತ್ತಿಲ್ಲ. ನೀ ಕೊಂದಿ. ಗಂಡ ಸಾಯಾಕತ್ತಿದ್ರ ಅಜವಾನ ಕುದಿಸ್ಕೊಂತ ಕುಂತಿದ್ದಿ."

ಹುಲಿಗವ್ವನ ಕೈ ನಿಂತ್ವು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಹೊಗಿ ಎದ್ದಿತು. ಗೌತಮ ಕಾದ, ಈಗ ಬರತೈತಿ, ಈಗ ಬರತೈತಿ ಅಂತ. ಆಕಿ ರೊಟ್ಟಿ ತೆಗದು ಬಾಜೂಕ ಇಟ್ಳು.

"ಹೌದು ತಮ್ಮಾ," ಅಂದ್ಳು. "ನಂದ ತಪ್ಪು. ನೀ ಉಣ್ಣು."

ಅಷ್ಟ. ಅಂವ ಖೋಲಿಗೆ ಹೋಗಿ ವಿಡಿಯೋ ತಿರುವಿ ತಿರುವಿ ನೋಡಿದ. ಸಿಟ್ಟಿನ ಒಂದು ಗೆರಿ ಇದ್ದಿಲ್ಲ. ಮೊಬೈಲ್ ಹಾಸಿಗಿ ಮ್ಯಾಲೆ ಒಗದು, "ಕಲ್ಲು, ಕಲ್ಲು ಇದು" ಅಂತ ಹಲ್ಲು ಕಡದ. ಒಲಿ ಮುಂದ ಕುಂತಾಕಿ ಇನ್ನೂ ಅಲ್ಲೇ ಕುಂತಿದ್ಲು. ಇಂವ ಹೊರಗ ಬಂದು ನೋಡಲಿಲ್ಲ.

ಆಮ್ಯಾಲೆ ಒಂದು ಹೊಸಾ ಹಂಚಿಕಿ ಹಾಕಿದ. ಇಡೀ ಓಣೀನ ಪ್ರದರ್ಶನಕ್ಕ ಕರಿಯೂದು. ತಮ್ಮ ಮಾರಿ ಹಿಂಗ ಬಯಲಿಗೆ ಬಿದ್ದದ್ದು ಕಂಡ್ರ ಮಂದಿ ಮೈಮ್ಯಾಲೆ ಬರತಾರ, ಪ್ಯಾಪರಿನವರು ಇರತಾರ, ದೊಡ್ಡ ಗದ್ದಲ ಆಕ್ಕೈತಿ. ನಾಕು ಮಂದಿ ಮುಂದ ಮಗನ ಮಾನ ಹೋದಾಗ ಈ ಕಲ್ಲೂ ಒಡೀತೈತಿ. ಖಾಲಿ ಫ್ಲೆಕ್ಸ್ ನಡುವ ತೂಗು ಹಾಕಿಸಿದ. "ಅಲ್ಲೇ ನಿಂತು ಬರೀತೀನ್ರಿ," ಅಂತ ಪ್ರಭುರಾಜಗ ಹೇಳಿದ. ಪ್ರಭುರಾಜ ಮತ್ತ ಆಹಾ ಅಂದ.

ಓಣಿ ಮಂದಿ ಬಂದ್ರು. ಹೆಂಗ ಬಂದ್ರು ಅಂತೀರಿ? ನಿಬ್ಬಣಕ್ಕ ಬಂದಂಗ! ಮೆಹಬೂಬಸಾಬ ತನ್ನ ಅಳಿಯನ ಟೆಂಪೋ ತಂದಿದ್ದ. ಕುಬೇರಪ್ಪ ಇಸ್ತ್ರಿ ಧೋತರ ಉಟ್ಟಿದ್ದ. ಹನುಮಂತಮ್ಮ ಮನ್ಯಾಗ ಸಿಹಿ ಮಾದ್ಲಿ ಮಾಡಿ ಡಬ್ಬಿ ತುಂಬಿ ತಂದಿದ್ಲು, ಹಿಟ್ನಾಳ ದಾಟೂದ್ರಾಗ ಅರ್ಧ ಡಬ್ಬಿ ಖಾಲಿ ಆಗಿತ್ತು. ಹುಲಿಗವ್ವ ಕಡೀಕ ಇಳದ್ಳು, ಸೆರಗು ತಲಿತುಂಬ ಹೊದ್ದು.

ಕೊಪ್ಪಳದ ಸಭಾಭವನದ ಒಳಗ ಬಂದವರು ತಮ್ಮ ತಮ್ಮ ಮಾರಿ ಮುಂದ ನಿಂತ್ರು. ಗೌತಮ ಒಬ್ಬೊಬ್ಬರನ್ನ ನೋಡ್ಕೊಂತ ನಿಂತ.

ಹನುಮಂತಮ್ಮ ಮಣ್ಣು ತೂರೂ ತನ್ನ ಚಿತ್ರ ನೋಡಿ ಗಲ್ಲದ ಮ್ಯಾಲೆ ಕೈ ಇಟ್ಕೊಂಡ್ಳು. "ಅಯ್ಯ ಶಿವನ! ನಾ ಇಷ್ಟು ದಪ್ಪ ಅದೀನೇನು?" ಅಂದು ನಕ್ಕ್ಳು. ಮೆಹಬೂಬಸಾಬ ತನ್ನ ಸಿಟ್ಟಿನ ಮಾರಿ ಜೋಡಿ ಸೆಲ್ಫಿ ತಗೊಂಡ. ಕುಬೇರಪ್ಪ ಕನ್ನಡಕ ಏರಿಸಿ, "ಮೂಗು ನಮ್ಮಪ್ಪಂದ ಬಂದೈತಿ ನೋಡ್ರಿ" ಅಂತ ಎಲ್ಲಾರಿಗೂ ತೋರಸಾಕ ಹತ್ತಿದ. ಒಬ್ಬರರ ಸಿಟ್ಟಿಗೇಳಬೇಕಲ್ಲ! ಎಲ್ಲಾರೂ ಅಂವನ್ನ ನೋಡಿ ಕೈಗೂಸು ಹೆಜ್ಜಿ ಇಟ್ಟಿದ್ದು ಕಂಡಂಗ ಹಿಗ್ಗಾಕತ್ತಿದ್ರು.

ಗೌತಮಗ ತಡಕೊಳ್ಳಾಕ ಆಗ್ಲಿಲ್ಲ. ಕುಬೇರಪ್ಪನ ಮುಂದ ಹೋಗಿ ನಿಂತ. "ಕಾಕಾ, ನಿನ್ನ ಮರ್ಯಾದಿ ತೆಗದು ತೂಗು ಹಾಕೀನಿ ಇಲ್ಲಿ. ಕಾಣವಲ್ದೇನು? ಸಿಟ್ಟು ಬರವಲ್ದೇನು ನಿನಗ?"

"ಸಿಟ್ಟು ಯಾಕ ಬರತೈತಪಾ," ಅಂದ ಕುಬೇರಪ್ಪ, ಬೆನ್ನು ಸವರಿ. "ಕೈ ಹಿಂಗ ಓಡಾಕತ್ತೈತಲ್ಲ, ತಲಿನೂ ಸಾವಕಾಶ ಸರಿ ಆಕ್ಕೈತಿ. ಜಡ್ಡು ಬಿದ್ದವರ ಮ್ಯಾಲೆ ಯಾರರ ಸಿಟ್ಟಿಗೇಳ್ತಾರೇನು?"

"ಯಾರಿಗೆ ಜಡ್ಡು?"

ಹನುಮಂತಮ್ಮ ಮುದುಕನ ತೋಳು ಚಿವುಟಿದ್ಳು. ತಡ ಆಗಿತ್ತು. ಗೌತಮ ಬಿಡಲಿಲ್ಲ, ಯಾರಿಗೆ ಜಡ್ಡು, ಯಾರಿಗೆ ಜಡ್ಡು ಅಂತ ಒದರಾಕತ್ತಿದ. ಮೆಹಬೂಬಸಾಬ ಸಮಾಧಾನ ಮಾಡಾಕ ಹೋಗಿ ಎಲ್ಲಾ ಬಿಚ್ಚಿಟ್ಟ.

"ನಿಮ್ಮವ್ವ ಹೇಳ್ಯಾಳಪಾ. ನೀ ಅಂಗಡ್ಯಾಗ ಒದರಿ ಹೋದ್ಯಲ್ಲ, ಅವತ್ತು ಸಂಜಿಮುಂದ ಬಂದು ಸೆರಗೊಡ್ಡಿದ್ಳು. ಸುಕನ್ಯಾ ಬಿಟ್ಟು ಹೋಗೂ ಮೊದಲಿಂದ ಮಗನ ತಲಿ ಕೆಟ್ಟೈತಿ, ಆಡೋದು ಅಂವ ಅಲ್ಲ, ಅಂವನ ಹುಚ್ಚು ಆಡತೈತಿ, ಹೊಟ್ಯಾಗ ಹಾಕ್ಕೋರಿ ಅಂದ್ಳು. ಎಲ್ಲಾರ ಮನಿಗೂ ಹೋಗ್ಯಾಳ. ಈ ಹನುಮಂತಮ್ಮ ನಿನ್ನ ಸಲುವಾಗಿ ಮಂಗಳವಾರ ಒಪ್ಪತ್ತು ಇರತಾಳ. ನಾ ದರ್ಗಾಕ್ಕ ಹೇಳ್ಕೊಂಡೀನಿ. ಎಲ್ಲಾ ಛಲೋ ಆಕ್ಕೈತಿ, ಬೇಟಾ."

ಇಲ್ಲಿ ಬಾಯಿ ಮುಚ್ಚಬೇಕಾಗಿತ್ತ್ರಿ. ಹುಚ್ಚ ಅಂತ ಹೆಸರು ಹೊತ್ತು ಸುಮ್ಮನಿದ್ದಿದ್ರ ಹೆಂಡ್ತಿ ತಿರುಗಿ ಬರತಿದ್ಳೋ ಏನೋ, ಓಣಿ ಕೈಯಾಗ ಹಿಡಕೊಂಡು ಸಾಕತಿತ್ತು. ಆದ್ರ ಪ್ರಭುರಾಜ ಅಲ್ಲೇ ನಿಂತಿದ್ದ. ಪ್ಯಾಪರಿನವರು ನಿಂತಿದ್ರು. ಇಷ್ಟು ದೊಡ್ಡ ಕಲಾವಿದನ್ನ ಓಣಿ ಮಂದಿ ಹುಚ್ಚ ಅಂದ್ರ? ಇಷ್ಟು ದಿನ ಅಂವಗ ಸಿಕ್ಕ ಪ್ರೀತಿ ಎಲ್ಲಾ ಅಯ್ಯೋ ಪಾಪ ಅನ್ನೂ ಪ್ರೀತಿ ಅಂದ್ರ? ಅಂವನ ತಲಿಗೆ ಜುಮ್ ಅಂತ ಏರಿತು.

"ಯಾವ ಹುಚ್ಚೂ ಇಲ್ಲ ನನಗ!" ಅಂತ ಚೀರಿದ. "ಎಲ್ಲಾ ತಿಳದ ಮಾಡೀನಿ. ನಿಮ್ಮನ್ನ ಕೆರಳಸಾಕ ಬೇಕಂತ ಅಂದೀನಿ. ನೋಡ್ರಿ ಇಲ್ಲಿ!" ಮೊಬೈಲ್ ತೆಗದು ಹನುಮಂತಮ್ಮನ ಮಾರಿಗೆ ಹಿಡದ. ಅದರಾಗ ಆಕಿ ಮಣ್ಣು ತೂರಾಕತ್ತಿದ್ಲು. ಅದಕ್ಕಿಂತ ಮೊದಲು ವಿಡಿಯೋ ಚಾಲೂ ಮಾಡಿ ಅಂವ ನಕ್ಕ ದನಿನೂ ಅದರಾಗ ಇತ್ತು. ಎಲ್ಲಾರೂ ಬಗ್ಗಿ ನೋಡಿದ್ರು.

ನಗಿ ನಿಂತಿತು. ಕುಬೇರಪ್ಪ ಕನ್ನಡಕ ತೆಗದ. ಮೆಹಬೂಬಸಾಬ ಬೇಟಾ ಅಂದ ಬಾಯಿ ಒರಸಿಕೊಂಡ.

ಹುಲಿಗವ್ವ ಹಿಂದಿನಿಂದ ಮಂದಿ ಸರಿಸಿ ಮುಂದ ಬಂದ್ಳು. ಆಕಿ ಓಣಿಗೆ ಸುಳ್ಳು ಹೇಳಿದ್ದಿಲ್ರಿ. ಮಗಗ ಖರೇನ ಹುಚ್ಚು ಹಿಡದೈತಿ ಅಂತ ನಂಬಿದ್ಲು. ನಂಬಿದ್ದಕ್ಕ ಒಂದು ದಿನಾನೂ ಸಿಟ್ಟಿಗೆದ್ದಿದ್ದಿಲ್ಲ.

"ಹಂಗಾರ ನೀ ಶಾಣ್ಯಾ ಇದ್ದೇನು?" ಅಂತ ಕೇಳಿದ್ಳು.

"ಇದ್ದೆ."

"ಸುಕನ್ಯಾಗ ಆ ಮಾತು ಅಂದಾಗೂ?"

"ಚಿತ್ರಕ್ಕ ಯವ್ವಾ. ನಿನಗ ತಿಳಿಯಂಗಿಲ್ಲ."

"ನಿಮ್ಮಪ್ಪನ ಮಾತು?"

ಗೌತಮ ಮೊಬೈಲ್ ಕೆಳಗ ಇಳಿಸಿದ. ಆದ್ರೂ ಹೇಳಿದ. "ಅದೂ ಚಿತ್ರಕ್ಕ. ನಿನ್ನ ಸಿಟ್ಟು ಬೇಕಾಗಿತ್ತು ನನಗ, ನಿನಗ ಬರಲಿಲ್ಲ."

"ತಲಿ ಕೆಟ್ಟಾಗ ಮನಸಿನ್ಯಾಗಿನ ಖರೇ ಹೊರಗ ಬಿತ್ತು ಅಂತ ತಿಳಕೊಂಡೆ ನಾನು," ಅಂದ್ಳು ಹುಲಿಗವ್ವ. ಧ್ವನಿ ಏರಿರಲಿಲ್ಲ. "ಅಷ್ಟೂ ದಿನ ನನ್ನ ಮಗ ನನ್ನ ಹಿಂಗ ನೋಡ್ಯಾನ ಅಂತ ತಿಳಕೊಂಡೆ. ಅವತ್ತಿನಿಂದ ಅವರ ಫೋಟೋದ ಮುಂದ ದೀಪ ಹಚ್ಚಾಕ ನನಗ ಕೈ ಬಂದಿಲ್ಲ. ಕೊಂದಾಕಿ ಹೆಂಗ ಹಚ್ಚಲಿ ಅಂತ ಕತ್ತಲಾಗ ಬಿಟ್ಟೀನಿ ಅವರನ್ನ."

ಆವಾಗ ಬಂತು ನೋಡ್ರಿ ಸಿಟ್ಟು. ಮೂಗಿನ ಸೊಳ್ಳಿ ಅರಳಿದ್ವು, ಕೊರಳಿನ ನರ ಉಬ್ಬಿದ್ವು, ಗದ್ದ ಥರಥರ ನಡಗಿತು, ಜೀವಮಾನದಾಗ ಯಾರ ಮ್ಯಾಲೂ ತೆಗೀದ ಕಣ್ಣು ಆಕಿ ಮಗನ ಮ್ಯಾಲೆ ತೆಗದ್ಳು. ಗೌತಮ ಅದನ್ನ ನೋಡಿದ. ಖೋಡಿ ಏನು ಮಾಡಬೇಕು? ಮೊಬೈಲ್ ಎತ್ತಿದ. ತಾಯಿ ಮಾರಿಗೆ ನೇರ ಹಿಡದು, ಬೆರಳಿಲೆ ಗುಂಡಿ ಒತ್ತಿದ. ಇಡೀ ಸಭಾಭವನ ಅದನ್ನ ನೋಡಿತು.

ಹುಲಿಗವ್ವನ ಮಾರಿ ತಣ್ಣಗಾತು. ಆಕಿ ಮಗನ ಕಡೆ ಬೆನ್ನು ಮಾಡಿ ಓಣಿ ಮಂದಿ ಕಡೆ ತಿರುಗಿದ್ಳು. ತಲಿಮ್ಯಾಲಿನ ಸೆರಗು ಇಳಿಸಿ, ಬಿಗಿ ಮಾಡಿ ಸೊಂಟಕ್ಕ ಸಿಗಿಸಿದ್ಳು.

"ನಿಮ್ಮ ನಿಮ್ಮ ಬಾಗಲಕ್ಕ ಬಂದು ಈ ಸೆರಗು ಒಡ್ಡಿದ್ದೆ. ಇವತ್ತು ಹಿಂದಕ್ಕ ತಗೊಂಡೀನ್ರಿ. ಅವತ್ತು ನೀವು ಇವಗ ಏನು ಮಾಡಬೇಕಂತಿದ್ರಿ, ಈಗ ಮಾಡ್ರಿ. ನಾ ನಡುವ ಬರಂಗಿಲ್ಲ."

ಕುಬೇರಪ್ಪ, ಮೆಹಬೂಬಸಾಬ ತಲಿ ತಗ್ಗಿಸಿ ಬಾಗಲದ ಕಡೆ ನಡದ್ರು. ಹನುಮಂತಮ್ಮ ಮಾತ್ರ ಮಾದ್ಲಿ ಡಬ್ಬಿ ಕೆಳಗ ಇಟ್ಟು, ಗೌತಮನ ಹತ್ರ ಬಂದು, ಕೈ ಬೀಸಿ ಕಪಾಳಕ್ಕ ಬಿಟ್ಳು. "ಇದು ನನ್ನ ಮಗಳ ಪಾಲಿಂದು," ಅಂದು ಡಬ್ಬಿ ಎತ್ಕೊಂಡು ಹೊರಗ ನಡದ್ಳು. ಗೌತಮ ಕಪಾಳ ಹಿಡಕೊಂಡು ತಾಯಿನ್ನ ಹುಡುಕಿದ, ಸಣ್ಣವ ಇದ್ದಾಗ ಹೊರಗ ಹೊಡತ ತಿಂದು ಬಂದು ಹುಡುಕತಿದ್ದಂಗ. ಆಕಿ ಅಲ್ಲೇ ಇದ್ಲು. ಒಂದು ಹೆಜ್ಜಿ ಮುಂದ ಇಡಲಿಲ್ಲ.

"ಯವ್ವಾ," ಅಂದ.

ಆಕಿ ಬಾಗಲದ ಕಡೆ ಹೊಂಟ್ಳು.

ಪ್ರಭುರಾಜ ಓಡಿ ಬಂದ. ಪ್ಯಾಪರಿನವರು ಫೋಟೋ ಹೊಡಿಯಾಕತ್ತಿದ್ರು. "ಸಮಾಧಾನ ಮಾಡ್ಕೋರಿ ಯವ್ವಾ, ಸಮಾಧಾನ. ಇಂಥಾ ಕಲಾವಿದ ಈ ಸೀಮ್ಯಾಗ ಇಲ್ಲ. ನೀವು ಇವರ ತಾಯಿ ಅಲ್ಲೇನ್ರಿ?"

ಹುಲಿಗವ್ವ ಗೌತಮನ್ನ ಅಡಿಯಿಂದ ಮುಡಿತನಕ ನೋಡಿದ್ಳು, ಬಸ್ಸಿನ್ಯಾಗ ಬಾಜೂಕ ಕುಂತ ಪರಊರಿನವನ್ನ ನೋಡಿದಂಗ.

"ಅಲ್ರಿ," ಅಂದ್ಳು. "ನನ್ನ ಮಗ ಹುಚ್ಚ ಇದ್ದ. ಈ ಶಾಣ್ಯಾ ಯಾರೋ, ನನಗ ಗುರುತಿಲ್ಲ."

ಅಂದು ಹೊರಗ ಹೋಗಿ ಟೆಂಪೋ ಹತ್ತಿ, ಹನುಮಂತಮ್ಮನ ಬಾಜೂಕ ಕುಂತ್ಳು.